ಮನೆಗೆ ಯಾವ ಬಣ್ಣ ಹಚ್ಚಿಸೋಣ? ಬಿಳಿಯಿಂದ ಗಾಢದವರೆಗೆ ಒಂದು ಹೋಲಿಕೆ

ಶೇಡ್ ಕಾರ್ಡಿನಲ್ಲಿ ಅದು ಅಪ್ಪಟ ಬೂದು ಬಣ್ಣ. ಹಗಲಲ್ಲಿ ಗೋಡೆಗೆ ಹಚ್ಚಿ ಮುಗಿಸಿದಾಗಲೂ ಬೂದುವೇ. ಸಂಜೆ ದೀಪ ಹಾಕಿ ನೋಡಿದರೆ ಇಡೀ ಗೋಡೆ ತಿಳಿ ನೇರಳೆ! ಕೋಣೆಯ ಮಧ್ಯೆ ನಿಂತು ಕಾರ್ಡನ್ನು ಗೋಡೆಗೆ ಹಿಡಿದು ನೋಡಿದೆ. ಎರಡೂ ಒಂದೇ. ಪೇಂಟರ್ ತಪ್ಪು ಡಬ್ಬಿ ತಂದಿರಲಿಲ್ಲ, ಅಂಗಡಿಯವರು ತಪ್ಪು ಬೆರೆಸಿರಲಿಲ್ಲ. ಆ ಬೆಳಕಿನಲ್ಲಿ ಕಾರ್ಡೂ ನೇರಳೆಯಾಗಿತ್ತು. ಕೆಳಗೆ ಜೇನಿನ ಬಣ್ಣದ ಮರದ ನೆಲ, ಮೇಲೆ ಹಳದಿ ಬೆಳಕಿನ ಬಲ್ಬ್. ಬಣ್ಣ ಆರಿಸುವಾಗ ನಾನು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಬಿಳಿ ಹಚ್ಚಿಸೋದಾ, ಕೆನೆ ಬಣ್ಣನಾ, ಎಲ್ಲರೂ ಹಚ್ಚಿಸ್ತಿರೋ ಬೂದುನಾ, ಇಲ್ಲ ಧೈರ್ಯ ಮಾಡಿ ಕಡು ಹಸಿರಾ?" ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಗೋಡೆಯ ಬಣ್ಣವನ್ನು ಕೊನೆಗೆ ಆರಿಸಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಗೋಡೆ, ಆಮೇಲೆ ಪರದೆ, ಆಮೇಲೆ ಸೋಫಾ. ಆದರೆ ಪೇಂಟ್ ಸಾವಿರಾರು ಶೇಡುಗಳಲ್ಲಿ ಸಿಗುತ್ತದೆ. ಟೈಲ್ಸ್, ಮರ, ಸೋಫಾದ ಬಟ್ಟೆ ಅಷ್ಟು ಬಗೆಯಲ್ಲಿ ಸಿಗುವುದಿಲ್ಲ. ನೆಲವನ್ನು ಕಿತ್ತು ಹಾಕುವುದು ದೊಡ್ಡ ಕೆಲಸ, ಗೋಡೆಗೆ ಮತ್ತೆ ಬಣ್ಣ ಹಚ್ಚುವುದು ಎರಡು ದಿನದ ಕೆಲಸ. ಬದಲಾಗದ್ದನ್ನು ಮೊದಲು ನೋಡಿ, ಬದಲಾಗುವುದನ್ನು ಅದಕ್ಕೆ ಹೊಂದಿಸಬೇಕು ಅಲ್ವಾ?

ಮೊದಲು ಅಳೆಯಬೇಕಾದವು

ಎಲ್ಲಕ್ಕಿಂತ ಮುಖ್ಯ ಬೆಳಕು. ಪೂರ್ವಕ್ಕೆ ಕಿಟಕಿ ಇರುವ ಕೋಣೆಗೆ ಬೆಳಿಗ್ಗೆ ಹಳದಿ ಬಿಸಿಲು ಬರುತ್ತದೆ. ಮಧ್ಯಾಹ್ನದ ನಂತರ ಅಲ್ಲಿ ಉಳಿಯುವುದು ಆಕಾಶದ ನೀಲಿ ಬೆರೆತ ಬೆಳಕು ಮಾತ್ರ. ಪಶ್ಚಿಮದ ಕೋಣೆಯಲ್ಲಿ ಇದು ತಿರುಗಮುರುಗ. ಬೆಳಿಗ್ಗೆ ಮಂಕು, ಸಂಜೆ ಕಿತ್ತಳೆ ಬೆಳಕು. ನೇರ ಬಿಸಿಲೇ ಬೀಳದ ಕೋಣೆಯಲ್ಲಿ ದಿನವಿಡೀ ಎಲ್ಲ ಬಣ್ಣವೂ ಸ್ವಲ್ಪ ತಣ್ಣಗೆ, ಅಂದರೆ ನೀಲಿಯ ಕಡೆಗೆ ವಾಲಿದಂತೆ ಕಾಣುತ್ತದೆ. ಕಿಟಕಿಯ ಹೊರಗೆ ದಟ್ಟ ಮರವಿದ್ದರೆ ಒಳಗೆ ಬರುವ ಬೆಳಕೇ ಹಸಿರು. ಎದುರಿಗೆ ಇಟ್ಟಿಗೆಯ ಗೋಡೆಯಿದ್ದರೆ ಒಳಗಿನ ಬಿಳಿ ಗೋಡೆಯೂ ಒಂಚೂರು ಕೆಂಪಾಗುತ್ತದೆ.

ರಾತ್ರಿಯ ಬೆಳಕು ಬಲ್ಬಿನದ್ದು. ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಅಂಕಿ ಇರುತ್ತದೆ. 2700 ಎಂದರೆ ಹಳದಿ ಬೆಳಕು, 4000 ಆಸುಪಾಸು ನಡುವಿನದ್ದು, 6500 ಎಂದರೆ ನೀಲಿ ಬೆರೆತ ಬಿಳಿ. ಇನ್ನೊಂದು ಅಂಕಿ ಸಿಆರ್‌ಐ. ಇದು 100ಕ್ಕೆ ಹತ್ತಿರವಾದಷ್ಟೂ ಆ ಬೆಳಕಿನಲ್ಲಿ ಬಣ್ಣಗಳು ಸಹಜವಾಗಿ ಕಾಣುತ್ತವೆ. ಬಣ್ಣದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು 90ಕ್ಕಿಂತ ಮೇಲಿನದನ್ನೇ ತರುವುದು ಒಳ್ಳೆಯದು. ಹೊಸ ಬಲ್ಬುಗಳನ್ನು ಬಣ್ಣ ಆರಿಸುವ ಮೊದಲೇ ಹಾಕಿಬಿಡಿ.

ಎರಡನೆಯದು ನೆಲ, ಅಡುಗೆಮನೆಯ ಕಟ್ಟೆ, ಬಚ್ಚಲಿನ ಟೈಲ್ಸ್, ಬಾಗಿಲಿನ ಮರ. ಇವುಗಳ ಅಡಿಬಣ್ಣ, ಅಂದರೆ ಒಳಗೆ ಅಡಗಿರುವ ಛಾಯೆ ಯಾವುದು ಎಂದು ನೋಡಿ. "ಬಿಳಿ" ಟೈಲ್ಸ್ ಪಕ್ಕ ಒಂದು ಬಿಳಿ ಕಾಗದ ಇಟ್ಟರೆ ಸಾಕು, ಅದು ನೀಲಿಯ ಕಡೆಯದ್ದೋ ಹಳದಿಯ ಕಡೆಯದ್ದೋ ತಕ್ಷಣ ಗೊತ್ತಾಗುತ್ತದೆ. ಗೋಡೆಯ ಬಣ್ಣದ ಅಡಿಬಣ್ಣ ಇದರ ಜೊತೆ ಜಗಳ ಆಡಬಾರದು.

ಆಮೇಲೆ ಕೋಣೆಯ ಬಳಕೆ. ಬೆಳಿಗ್ಗೆ ಹೊರಗೆ ಹೋಗಿ ಸಂಜೆ ಬರುವವರು ತಮ್ಮ ಮನೆಯ ಹಾಲ್ ಅನ್ನು ಹೆಚ್ಚಾಗಿ ನೋಡುವುದೇ ದೀಪದ ಬೆಳಕಿನಲ್ಲಿ. ಅವರು ಹಗಲಿನ ಬಣ್ಣಕ್ಕೆ ಮಾರುಹೋಗಿ ಆರಿಸಿದರೆ ಅದು ರಜಾದಿನಕ್ಕೆ ಮಾತ್ರ ಸಿಗುವ ಬಣ್ಣ.

ಕೊನೆಗೆ ಖರ್ಚು. ಸಾಮಾನ್ಯವಾಗಿ ಒಂದು ಲೀಟರ್ ಪೇಂಟ್ ನಯವಾದ ಗೋಡೆಯಲ್ಲಿ ಒಂದು ಕೋಟ್‌ಗೆ ಸುಮಾರು 10 ಚದರ ಮೀಟರ್ ಬರುತ್ತದೆ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯ ಗೋಡೆಗಳು 42 ಚದರ ಮೀಟರ್. ಬಾಗಿಲು ಕಿಟಕಿ ಕಳೆದರೆ 38 ಎಂದಿಟ್ಟುಕೊಳ್ಳಿ. ಎರಡು ಕೋಟ್‌ಗೆ ಸುಮಾರು ಏಳೂವರೆ ಲೀಟರ್ ಬೇಕು. ಮೂರನೇ ಕೋಟ್ ಬೇಕಾಗುವ ಬಣ್ಣ ಆರಿಸಿದರೆ ಇನ್ನೂ ನಾಲ್ಕು ಲೀಟರ್ ಜಾಸ್ತಿ, ಜೊತೆಗೆ ಇನ್ನೊಂದು ದಿನದ ಕೂಲಿ. ಡಬ್ಬಿಯ ಬೆಲೆ ಮಾತ್ರ ಹೋಲಿಸಿದರೆ ಈ ಲೆಕ್ಕ ತಪ್ಪಿಹೋಗುತ್ತದೆ.

ಬಿಳಿ ಮತ್ತು ಅರೆಬಿಳಿ

ಬಿಳಿ ಸುಲಭದ ಆಯ್ಕೆ ಎಂದು ಎಲ್ಲರೂ ತಿಳಿದಿದ್ದಾರೆ. ನನ್ನ ಪ್ರಕಾರ ಸರಿಯಾದ ಬಿಳಿ ಆರಿಸುವುದೇ ಎಲ್ಲಕ್ಕಿಂತ ಕಷ್ಟ. ಕಾರ್ಡಿನಲ್ಲಿ ಹತ್ತಿಪ್ಪತ್ತು ಬಿಳಿಗಳಿರುತ್ತವೆ. ಒಂದರಲ್ಲಿ ಚೂರು ನೀಲಿ, ಇನ್ನೊಂದರಲ್ಲಿ ಗುಲಾಬಿ, ಮತ್ತೊಂದರಲ್ಲಿ ಹಸಿರು. ಒಂದೊಂದಾಗಿ ನೋಡಿದರೆ ಎಲ್ಲವೂ ಬಿಳಿಯೇ. ನಾಲ್ಕನ್ನು ಸಾಲಾಗಿ ಬಿಳಿ ಕಾಗದದ ಮೇಲೆ ಇಟ್ಟಾಗ ಮಾತ್ರ ಬೇರೆ ಬೇರೆ ಎಂದು ಗೊತ್ತಾಗುತ್ತದೆ.

ಬೆಳಕಿಲ್ಲದ ಕೋಣೆಗೆ ಬಿಳಿ ಹಚ್ಚಿದರೆ ಬೆಳಗಾಗುತ್ತದೆ ಅನ್ನುವುದು ಅರ್ಧ ನಿಜ. ಪ್ರತಿ ಶೇಡಿಗೂ ಎಲ್‌ಆರ್‌ವಿ ಎಂಬ ಅಂಕಿ ಇರುತ್ತದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಆ ಬಣ್ಣ ಹಿಂದಕ್ಕೆ ಕಳಿಸುತ್ತದೆ ಎಂಬುದನ್ನು ಅದು 0ಯಿಂದ 100ರ ಒಳಗೆ ಹೇಳುತ್ತದೆ. ಬಿಳಿ ಪೇಂಟುಗಳು ಸಾಮಾನ್ಯವಾಗಿ 80ರ ಮೇಲೆ, ಕಪ್ಪು 5ರ ಆಸುಪಾಸು. ಆದರೆ ಹಿಂದಕ್ಕೆ ಕಳಿಸಲು ಮೊದಲು ಬೆಳಕು ಬೀಳಬೇಕಲ್ಲ! ಕಿಟಕಿ ಚಿಕ್ಕದಿದ್ದು, ಬಿಸಿಲೂ ಬಾರದ ಕೋಣೆಯಲ್ಲಿ ನೀಲಿಛಾಯೆಯ ಬಿಳಿ ಹಚ್ಚಿದರೆ ಮೂಲೆಗಳು ಬೂದಿಯ ಹಾಗೆ ಕಾಣುತ್ತವೆ. ಅಂಥ ಕಡೆ ಚೂರು ಹಳದಿ ಅಥವಾ ಗುಲಾಬಿ ಸೇರಿದ ಅರೆಬಿಳಿ ಒಳ್ಳೆಯದು. ಬಿಸಿಲು ಧಾರಾಳವಾಗಿ ಬರುವ ಕೋಣೆಯಲ್ಲಿ ಅದೇ ಅರೆಬಿಳಿ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ತಣ್ಣನೆಯ ಬಿಳಿ ಚೆಂದ.

ಲಾಭ ಏನೆಂದರೆ ಮುಂದೆ ಸೋಫಾ, ಪರದೆ ಏನು ಬದಲಾಯಿಸಿದರೂ ಬಿಳಿ ತಕರಾರು ಮಾಡುವುದಿಲ್ಲ. ನಷ್ಟ ಏನೆಂದರೆ ಸ್ವಿಚ್ಚಿನ ಸುತ್ತ ಬೆರಳಿನ ಗುರುತು, ಕುರ್ಚಿಯ ಬೆನ್ನು ತಾಗಿದ ಗೆರೆ ಎಲ್ಲವೂ ಎದ್ದು ಕಾಣುತ್ತದೆ. ಬಾಗಿಲು ಚೌಕಟ್ಟಿಗೆ ಎಣ್ಣೆ ಆಧಾರಿತ ಬಿಳಿ ಎನಾಮೆಲ್ ಹಚ್ಚಿಸುವವರು ಒಂದು ವಿಷಯ ತಿಳಿದಿರಬೇಕು. ಅದು ಕಾಲಕ್ರಮೇಣ ಹಳದಿಯಾಗುತ್ತದೆ. ಬೆಳಕು ಕಡಿಮೆ ಇರುವ ಕಡೆ ಇನ್ನೂ ಬೇಗ. ನೀರು ಆಧಾರಿತ ಪೇಂಟಿನಲ್ಲಿ ಈ ತೊಂದರೆ ತುಂಬ ಕಡಿಮೆ.

ಕೆನೆ, ಮರಳು, ಮಣ್ಣಿನ ಬಣ್ಣಗಳು

ಕೆನೆ, ಮರಳು, ತಿಳಿ ಕಂದು, ಕಾವಿ, ಇಟ್ಟಿಗೆ ಬಣ್ಣ ಇವೆಲ್ಲ ಒಂದೇ ಕುಟುಂಬ. ಇವುಗಳ ಹಳದಿ, ಕೆಂಪು, ಕಂದು ಹೆಚ್ಚಾಗಿ ಕಬ್ಬಿಣದ ಆಕ್ಸೈಡಿನಿಂದ ಬರುತ್ತದೆ. ಅದೇ ಮಣ್ಣಿಗೂ ಬಣ್ಣ ಕೊಡುವುದು. ಬಿಸಿಲಿಗೆ ಬೇಗ ಮಾಸುವುದಿಲ್ಲ, ಅಡಿಯ ಗೋಡೆಯನ್ನೂ ಚೆನ್ನಾಗಿ ಮುಚ್ಚುತ್ತದೆ. ಧೂಳು ಕೂತರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಮರದ ಪೀಠೋಪಕರಣ ಜಾಸ್ತಿ ಇರುವ ಮನೆಗೆ ಇವು ಹೇಳಿ ಮಾಡಿಸಿದ ಹಾಗಿರುತ್ತವೆ.

ತೊಂದರೆ ಬರುವುದು ಎರಡು ಕಡೆ. ನೆಲ ತಣ್ಣನೆಯ ಅಚ್ಚ ಬಿಳಿ ಟೈಲ್ಸ್ ಆಗಿದ್ದರೆ ಅದರ ಪಕ್ಕ ಕೆನೆ ಬಣ್ಣ ಹಳೆಯದಾದ ಬಿಳಿಯಂತೆ, ಕೊಳೆಯಾದಂತೆ ಕಾಣುತ್ತದೆ. ಎರಡನೆಯದು 2700 ಕೆಲ್ವಿನ್ ಬಲ್ಬ್. ಹಗಲು ಸೌಮ್ಯವಾಗಿದ್ದ ಕೆನೆ ರಾತ್ರಿ ಗಾಢ ಹಳದಿಯಾಗುತ್ತದೆ. ಹಾಗಾಗಿ ಹಳದಿ ಬಲ್ಬನ್ನೇ ಇಷ್ಟಪಡುವವರು ಒಂದು ಮೆಟ್ಟಿಲು ತಿಳಿಯಾದ ಶೇಡ್ ಆರಿಸಿ.

ಬೂದು

ಈಗ ನನ್ನ ನೇರಳೆ ಗೋಡೆಗೆ ಬರುತ್ತೇನೆ. ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ. ಪಕ್ಕದಲ್ಲಿ ಏನಿದೆಯೋ ಅದರ ವಿರುದ್ಧದ ಕಡೆಗೆ ಬಣ್ಣವನ್ನು ತಳ್ಳುತ್ತದೆ. ಹಳದಿಯ ವಿರುದ್ಧ ಬಣ್ಣ ನೇರಳೆ. ಹಾಗಾಗಿ ಜೇನುಬಣ್ಣದ ನೆಲದ ಮೇಲೆ ನಿಂತ ಬೂದು ಗೋಡೆ ನೇರಳೆಗೆ ವಾಲಿತು. ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಷೆಲ್ ಯೂಜೆನ್ ಶೆವ್ರೆಲ್ ಇದನ್ನು ವಿವರವಾಗಿ ಬರೆದು 1839ರಲ್ಲಿ ಪ್ರಕಟಿಸಿದ್ದ. ಅವನು ಪ್ಯಾರಿಸ್ಸಿನ ಗೋಬೆಲಾನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥ. ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವೇ ಇಲ್ಲ, ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲುಗಳು ಕಪ್ಪನ್ನು ಮಂಕಾಗಿ ತೋರಿಸುತ್ತಿದ್ದವು.

ಬೂದುವಿಗೆ ಸ್ವಂತ ಬಣ್ಣ ಕಡಿಮೆ. ಅದಕ್ಕೇ ಪಕ್ಕದವರ ಮಾತು ಅದಕ್ಕೆ ಬೇಗ ತಾಗುತ್ತದೆ. ಬೂದುವಿನೊಳಗೂ ಅಡಿಬಣ್ಣ ಇದ್ದೇ ಇರುತ್ತದೆ. ನೀಲಿ, ಹಸಿರು, ನೇರಳೆ, ಕಂದು. ಬಿಳಿ ಟೈಲ್ಸ್, ಸ್ಟೀಲ್, ಕಪ್ಪು ಚೌಕಟ್ಟಿನ ಕಿಟಕಿ ಇರುವ ಮನೆಗೆ ನೀಲಿ ಅಡಿಬಣ್ಣದ ಬೂದು ಚೊಕ್ಕಟವಾಗಿ ಕೂರುತ್ತದೆ. ಮರ ಜಾಸ್ತಿ ಇದ್ದರೆ ಕಂದು ಬೆರೆತ ಬೂದುವೇ ಸರಿ. ನಾನು ಕೊನೆಗೆ ಅದನ್ನೇ ಹಚ್ಚಿಸಿದೆ. ಆ ನೆಲ, ಆ ಬಲ್ಬ್ ಎರಡೂ ಹಾಗೇ ಇವೆ. ಗೋಡೆ ಈಗ ಸಂಜೆಯೂ ಬೂದು.

ಬಿಸಿಲು ಬಾರದ ಕೋಣೆಗೆ ಮಾತ್ರ ಬೂದು ಬೇಡ ಅನ್ನುತ್ತೇನೆ. ಮೋಡ ಕವಿದ ದಿನ ಅಲ್ಲಿ ಕೂತು ಓದುವುದಕ್ಕೂ ಮನಸ್ಸಾಗುವುದಿಲ್ಲ.

ಹಸಿರು ಮತ್ತು ನೀಲಿ

ಇವೆರಡನ್ನೂ ಒಂದೇ ಸಾಲಿನಲ್ಲಿ ಹೇಳುವುದು ರೂಢಿ. ಗೋಡೆಯ ಮೇಲೆ ಮಾತ್ರ ಇವು ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಬೂದು ಬೆರೆತ ಮೆದು ಹಸಿರು ಹಗಲಿನ ಬೆಳಕಿಗೂ ಹಳದಿ ಬಲ್ಬಿಗೂ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆ. ಮರದ ಜೊತೆಗೂ ಚೆಂದ, ಬಿಳಿ ಟೈಲ್ಸ್ ಜೊತೆಗೂ ಚೆಂದ. ಬರೀ ಬಿಳಿ ಬೇಸರ, ಆದರೆ ಜೋರು ಬಣ್ಣಕ್ಕೆ ಧೈರ್ಯ ಇಲ್ಲ ಎನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ತಿಳಿನೀಲಿ ಹಾಗಲ್ಲ. ಹಳದಿ ಬಲ್ಬಿನಲ್ಲಿ ನೀಲಿ ಬೆಳಕೇ ಕಡಿಮೆ. ಹಾಗಾಗಿ ರಾತ್ರಿ ಅದು ಹಸಿರು ಮಿಶ್ರಿತ ಬೂದುವಾಗಿ ಸತ್ತಂತೆ ಕಾಣುತ್ತದೆ. ಬಿಸಿಲು ಬೀಳುವ ಮಲಗುವ ಕೋಣೆ, ಬಚ್ಚಲು ಇಂಥ ಕಡೆ ನೀಲಿ ಹಿತ.

ಎರಡಕ್ಕೂ ಒಂದು ಎಚ್ಚರಿಕೆ ಇದೆ. ಕಾರ್ಡಿನ ಚೌಕದಲ್ಲಿ ಸಪ್ಪೆ ಎನಿಸಿದ ಹಸಿರು ನಾಲ್ಕು ಗೋಡೆಗೂ ಹಚ್ಚಿದಾಗ ಜೋರಾಗುತ್ತದೆ. ಒಂದು ಗೋಡೆಯ ಬಣ್ಣದ ಬೆಳಕು ಎದುರು ಗೋಡೆಗೆ ಬಿದ್ದು ಅಲ್ಲಿಂದ ಮತ್ತೆ ವಾಪಸ್ ಬರುತ್ತದಲ್ಲ, ಹಾಗೆ ಬಣ್ಣ ಗಟ್ಟಿಯಾಗುತ್ತ ಹೋಗುತ್ತದೆ. ಕಾರ್ಡಿನಲ್ಲಿ "ಇದೇ ಸರಿ" ಎನಿಸಿದ ಶೇಡಿಗಿಂತ ಒಂದು ಮೆಟ್ಟಿಲು ಬೂದುವಾಗಿರುವುದನ್ನು ತರುವುದು ಲೇಸು.

ಗಾಢ ಬಣ್ಣಗಳು

ಕಡು ನೀಲಿ, ಕಡು ಹಸಿರು, ಇದ್ದಿಲು, ಗಾಢ ಕೆಂಪು. ಇವುಗಳ ಮೇಲೆ ನನಗೆ ತುಂಬ ಪ್ರೀತಿ. ಅದಕ್ಕೇ ಇವುಗಳ ಕಷ್ಟವನ್ನೂ ಪೂರ್ತಿ ಹೇಳಬೇಕು.

ಪೇಂಟಿಗೆ ಮುಚ್ಚುವ ಶಕ್ತಿ ಕೊಡುವುದು ಮುಖ್ಯವಾಗಿ ಟೈಟಾನಿಯಂ ಡಯಾಕ್ಸೈಡ್ ಎಂಬ ಬಿಳಿ ಪುಡಿ. ಗಾಢ ಶೇಡುಗಳಿಗೆ ಬಳಸುವ ಬೇಸಿನಲ್ಲಿ (ಅಂಗಡಿಯಲ್ಲಿ ಬಣ್ಣ ಬೆರೆಸುವ ಮೂಲ ಪೇಂಟಿನಲ್ಲಿ) ಇದು ಬಹಳ ಕಡಿಮೆ ಇರುತ್ತದೆ, ಇಲ್ಲದಿದ್ದರೆ ಬಣ್ಣ ಗಾಢವಾಗುವುದೇ ಇಲ್ಲ. ಹಾಗಾಗಿ ಅದರ ಜಾಗದಲ್ಲಿ ಹೆಚ್ಚು ಬಣ್ಣ ಸುರಿಯಬೇಕು. ಬೆಲೆ ಏರುವುದು ಇಲ್ಲೇ. ಕಪ್ಪಿನ ಕಡೆಯ ಬಣ್ಣಗಳು ಹೇಗೋ ಮುಚ್ಚುತ್ತವೆ. ಅಚ್ಚ ಕೆಂಪು, ಅಚ್ಚ ಹಳದಿ ಮಾತ್ರ ಪೇಂಟರ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ. ಎರಡು ಕೋಟ್ ಆದ ಮೇಲೂ ರೋಲರ್ ಓಡಿದ ಪಟ್ಟಿ ಕಾಣುತ್ತದೆ. ಕೆಂಪು ಹಚ್ಚುವ ಮೊದಲು ಅಡಿಗೆ ಬೂದು ಬಣ್ಣದ ಪ್ರೈಮರ್ ಹಚ್ಚಿಸಿದರೆ ಒಂದು ಕೋಟಿನ ಖರ್ಚು ಉಳಿಯುತ್ತದೆ.

ಮ್ಯಾಟ್ (ಹೊಳಪಿಲ್ಲದ) ಗಾಢ ಗೋಡೆಗೆ ಚೀಲ ಉಜ್ಜಿದರೆ ಆ ಜಾಗ ಹೊಳೆಯುವ ಗೆರೆಯಾಗಿ ಉಳಿಯುತ್ತದೆ. ಒರೆಸಲು ಹೋದರೆ ಹೊಳಪು ಇನ್ನಷ್ಟು ಅಗಲ. ನೇರ ಬಿಸಿಲು ಬೀಳುವ ಗೋಡೆಯಲ್ಲಿ ಬಣ್ಣ ಮಾಸುವುದೂ ಇದರಲ್ಲೇ ಹೆಚ್ಚು ಗೊತ್ತಾಗುತ್ತದೆ. ಗೋಡೆಗೆ ತೂಗುಹಾಕಿದ್ದ ಫೋಟೋ ತೆಗೆದ ಜಾಗದಲ್ಲಿ ಚೌಕದ ಗುರುತು ನೋಡಿಲ್ಲವೇ? ಮತ್ತೆ ತಿಳಿ ಬಣ್ಣಕ್ಕೆ ಹೋಗಬೇಕೆಂದರೆ ಪ್ರೈಮರ್‌ನಿಂದಲೇ ಶುರು ಮಾಡಬೇಕು.

ಇಷ್ಟಿದ್ದರೂ ಯಾಕೆ ಪ್ರೀತಿ ಎಂದರೆ, ರಾತ್ರಿ ಒಂದೇ ಒಂದು ಮೂಲೆ ದೀಪ ಹಚ್ಚಿ ಕಡು ಹಸಿರು ಗೋಡೆಯ ಮುಂದೆ ಕೂತು ನೋಡಿ. ಗೋಡೆ ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ. ಪುಸ್ತಕದ ಕಪಾಟು, ಗಿಡ, ದೀಪ ಮಾತ್ರ ಮುಂದೆ ಬಂದು ನಿಲ್ಲುತ್ತವೆ. ಚಿಕ್ಕ ಕೋಣೆಗೆ ಗಾಢ ಬೇಡವೇ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೇಗೂ ಕತ್ತಲಿರುವ ಚಿಕ್ಕ ಓದುವ ಕೋಣೆ, ಟಿವಿ ಕೋಣೆ, ಕಿರಿದಾದ ಪ್ಯಾಸೇಜಿಗೆ ಬಿಳಿಗಿಂತ ಇದೇ ಹೆಚ್ಚು ಒಪ್ಪುತ್ತದೆ. ಆದರೆ ಗಾಢ ಕೆಂಪು ಮಂದ ಬೆಳಕಿನಲ್ಲಿ ಬೇಗ ಕಪ್ಪಾಗುತ್ತದೆ. ಬೆಳಕು ತೀರ ಕಡಿಮೆಯಾದಾಗ ಕಣ್ಣಿಗೆ ಕೆಂಪು ಮೊದಲು ಮುಳುಗುತ್ತದೆ, ನೀಲಿ ಹಸಿರು ಆಮೇಲೆ. ಹಾಗಾಗಿ ಮಂದ ದೀಪದ ಮಲಗುವ ಕೋಣೆಗೆ ಕೆಂಪಿಗಿಂತ ಕಡು ನೀಲಿ ವಾಸಿ.

ಹೊಳಪು ಎಷ್ಟಿರಲಿ?

ಒಂದೇ ಶೇಡ್ ಮ್ಯಾಟ್‌ನಲ್ಲಿ ಒಂದು ಥರ, ಹೊಳೆಯುವ ಗ್ಲಾಸಿ ಪೇಂಟಿನಲ್ಲಿ ಇನ್ನೊಂದು ಥರ. ಮ್ಯಾಟ್ ಪುಟ್ಟಿಯ ಏರುತಗ್ಗನ್ನು ಮುಚ್ಚಿಡುತ್ತದೆ, ಒರೆಸಿದರೆ ತಾಳುವುದಿಲ್ಲ. ಹೊಳಪು ಹೆಚ್ಚಾದಷ್ಟೂ ತೊಳೆಯಲು ಸುಲಭ, ಆದರೆ ಗೋಡೆಯ ಪ್ರತಿ ಉಬ್ಬೂ ಕಾಣುತ್ತದೆ. ಹಾಲ್, ಮಲಗುವ ಕೋಣೆಗೆ ಮ್ಯಾಟ್ ಅಥವಾ ಸಣ್ಣ ಹೊಳಪು, ಅಡುಗೆಮನೆ, ಬಚ್ಚಲು, ಮಕ್ಕಳ ಕೋಣೆಗೆ ಸ್ಯಾಟಿನ್ (ನಡುವಿನ ಹೊಳಪು), ಬಾಗಿಲಿಗೆ ಅದಕ್ಕಿಂತ ಹೆಚ್ಚು ಹೊಳಪು. ಇಷ್ಟು ಸಾಕು.

ಬಣ್ಣಗಳನ್ನು ಜೋಡಿಸುವುದು

ಒಳಾಂಗಣ ಮಾಡುವವರು ಹೇಳುವ 60-30-10 ಲೆಕ್ಕ ಉಪಯೋಗಕ್ಕೆ ಬರುತ್ತದೆ. ಕೋಣೆಯಲ್ಲಿ ಸುಮಾರು 60 ಪಾಲು ಒಂದು ಬಣ್ಣ, 30 ಪಾಲು ಎರಡನೆಯದು, 10 ಪಾಲು ಎದ್ದು ಕಾಣುವ ಮೂರನೆಯದು. ಇದರಲ್ಲಿ ಜನ ಮರೆಯುವುದು ಏನೆಂದರೆ ನೆಲ, ಪರದೆ, ಮಂಚ ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ. ಕಂದು ನೆಲ, ಕಂದು ಸೋಫಾ ಇರುವ ಕೋಣೆಯಲ್ಲಿ 30 ಪಾಲು ಆಗಲೇ ಭರ್ತಿ. ಇನ್ನು ಗೋಡೆಗೆ ಎರಡು ಬಣ್ಣ ಹುಡುಕುವ ಕೆಲಸವೇ ಇಲ್ಲ.

ಪ್ರತಿ ಕೋಣೆಗೆ ಒಂದೊಂದು ಬಣ್ಣ ಬೇಕೆನ್ನುವವರು ಹಾಲ್‌ನ ಮಧ್ಯೆ ನಿಂತು, ಬಾಗಿಲುಗಳನ್ನೆಲ್ಲ ತೆರೆದಿಟ್ಟು ಸುತ್ತ ನೋಡಿ. ಒಂದೇ ನೋಟಕ್ಕೆ ಯಾವ ಯಾವ ಗೋಡೆ ಕಾಣುತ್ತದೋ ಅವು ಒಟ್ಟಿಗೆ ಹೊಂದಬೇಕು. ಎಲ್ಲ ಕೋಣೆಗೂ ಸೀಲಿಂಗ್ ಮತ್ತು ಚೌಕಟ್ಟಿನ ಬಿಳಿ ಒಂದೇ ಇರಲಿ. ಆಗ ಗೋಡೆಗಳು ಬೇರೆಯಾದರೂ ಮನೆ ಚೂರುಚೂರಾದಂತೆ ಅನಿಸುವುದಿಲ್ಲ.

ಯಾರಿಗೆ ಯಾವುದು

ಬಾಡಿಗೆ ಮನೆಯವರು ಅರೆಬಿಳಿಗೆ ಅಂಟಿಕೊಳ್ಳಿ, ಬಣ್ಣವನ್ನು ಪರದೆ, ಚಾದರ, ಕಾರ್ಪೆಟ್‌ನಲ್ಲಿ ತನ್ನಿ. ಅವು ನಿಮ್ಮ ಜೊತೆ ಬರುತ್ತವೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ಈಗಿರುವ ಗೋಡೆಗೆ ಹತ್ತಿರದ ಬಣ್ಣ ಆರಿಸಿ, ಎರಡು ಕೋಟಿನಲ್ಲಿ ಮುಗಿಯುತ್ತದೆ. ಗಾಢ ಬೇಕೇ ಬೇಕು ಅಂದರೆ ಮಂಚದ ಹಿಂದಿನ ಒಂದು ಗೋಡೆ ಸಾಕು. ಚಿಕ್ಕ ಮಕ್ಕಳಿದ್ದರೆ ಮರಳಿನ ಬಣ್ಣ ಅಥವಾ ಮೆದು ಹಸಿರು, ಸ್ಯಾಟಿನ್ ಹೊಳಪಿನಲ್ಲಿ. ಬಿಳಿಯೂ ಬೇಡ, ಇದ್ದಿಲೂ ಬೇಡ.

ಮನೆಯಲ್ಲಿ ವಯಸ್ಸಾದವರಿದ್ದರೆ ಸ್ವಲ್ಪ ಹೆಚ್ಚು ಯೋಚಿಸಬೇಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಹಸಿರುಗಳ ನಡುವಿನ ಸಣ್ಣ ವ್ಯತ್ಯಾಸ ತಿಳಿಯುವುದಿಲ್ಲ. ಬಿಳಿ ಗೋಡೆ, ಬಿಳಿ ಬಾಗಿಲು, ಬಿಳಿ ಸ್ವಿಚ್ ಎಲ್ಲ ಒಂದಾಗಿ ಕಲಸಿಹೋದರೆ ರಾತ್ರಿ ಎದ್ದಾಗ ಬಚ್ಚಲಿನ ಬಾಗಿಲು ಹುಡುಕುವುದೇ ಕಷ್ಟ. ಗೋಡೆ ತಿಳಿ ಇರಲಿ, ಬಾಗಿಲಿನ ಚೌಕಟ್ಟು ಗಾಢವಾಗಿರಲಿ. ಮೆಟ್ಟಿಲಿನ ಅಂಚಿಗೂ ಬೇರೆ ಬಣ್ಣ ಕೊಡಿ. ಚೆಂದದ ಮಾತು ಆಮೇಲೆ.

ಹಚ್ಚಿಸುವ ಮೊದಲು

ಮೂರು ಶೇಡಿನ ಚಿಕ್ಕ ಡಬ್ಬಿ ತನ್ನಿ. ನೇರವಾಗಿ ಗೋಡೆಗೆ ಬಳಿಯಬೇಡಿ, ಹಳೆಯ ಬಣ್ಣ ಪಕ್ಕದಲ್ಲೇ ಇದ್ದು ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿ ಅಗಲದ ದಪ್ಪ ರಟ್ಟಿಗೆ ಎರಡು ಕೋಟ್ ಹಚ್ಚಿ. ಸುತ್ತ ಎರಡು ಬೆರಳಷ್ಟು ಬಿಳಿ ಅಂಚು ಬಿಡಿ. ಪೂರ್ತಿ ಒಣಗಲಿ, ಏಕೆಂದರೆ ನೀರಿನ ಪೇಂಟ್ ಒಣಗಿದ ಮೇಲೆ ಸಾಮಾನ್ಯವಾಗಿ ಚೂರು ಗಾಢವಾಗುತ್ತದೆ. ಆಮೇಲೆ ರಟ್ಟನ್ನು ನೆಲಕ್ಕೆ ತಾಗುವಂತೆ ನಿಲ್ಲಿಸಿ, ಪಕ್ಕಕ್ಕೆ ಸೋಫಾದ ಒಂದು ದಿಂಬು ಇಡಿ. ಬೆಳಿಗ್ಗೆ, ನಡು ಮಧ್ಯಾಹ್ನ, ಸಂಜೆ, ರಾತ್ರಿ ದೀಪದಲ್ಲಿ ನೋಡಿ. ಕಿಟಕಿಯ ಎದುರು ಗೋಡೆಗೂ, ಕಿಟಕಿ ಇರುವ ಗೋಡೆಗೂ ಒರಗಿಸಿ ನೋಡಿ. ಕಿಟಕಿಯ ಗೋಡೆಗೆ ನೇರ ಬೆಳಕು ಬೀಳುವುದಿಲ್ಲ, ಅಲ್ಲಿ ಅದೇ ಬಣ್ಣ ಒಂದು ಮೆಟ್ಟಿಲು ಗಾಢ.

ಎರಡು ದಿನ ರಟ್ಟುಗಳು ಅಲ್ಲೇ ಇರಲಿ. ಮೂರರಲ್ಲಿ ಒಂದು ಮೊದಲ ಸಂಜೆಯೇ ಬೇಡವೆನಿಸುತ್ತದೆ. ಉಳಿದ ಎರಡರಲ್ಲಿ ನೀವು ಆ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರುವ ಸಮಯಕ್ಕೆ ಚೆಂದ ಕಾಣುವುದನ್ನು ಹಚ್ಚಿಸಿ. ಕೆಲಸ ಮುಗಿದ ಮೇಲೆ ಅರ್ಧ ಲೀಟರ್ ಉಳಿಸಿ, ಮುಚ್ಚಳ ಬಿಗಿ ಮಾಡಿ, ಅದರ ಮೇಲೆ ಕೋಣೆಯ ಹೆಸರು, ಶೇಡ್ ನಂಬರ್, ಹೊಳಪು, ತಾರೀಖು ಬರೆದಿಡಿ.